ಸಹಾಯ ಬೇಕು: ಇಂಗ್ಲಿಷಿನ 'ಥಿಂಕ್' ಪದವನ್ನು ನಾರ್ವೇಜಿಯನ್‌ಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾರ್ವೆಗೆ ಹೊಸದಾಗಿ ಬರುವ ಕನ್ನಡಿಗರಿಗಾಗಿ ದಿನಬಳಕೆಯ ಮಾತುಗಳ ಪುಟ್ಟ ಪದಪಟ್ಟಿಯೊಂದನ್ನು ನಾರ್ವೇಜಿಯನ್ ಭಾಷೆಯ ಎರಡು ಬರಹರೂಪಗಳಲ್ಲಿ ಒಂದಾದ ಬುಕ್‌ಮೋಲ್ ಬರವಣಿಗೆಯಲ್ಲಿ ಸಿದ್ಧಪಡಿಸುತ್ತಿದ್ದು, ಇಂಗ್ಲಿಷಿನ ಕೆಲವು ಪದಗಳ ಬಳಿ ತಡವರಿಸಿ ನಿಂತಿದ್ದೇನೆ.

'ನೋ' (know) ಎಂಬ ಕ್ರಿಯಾಪದ ಅಷ್ಟು ಕಷ್ಟವಾಗಲಿಲ್ಲ. ವಿಷಯ ಗೊತ್ತಿದ್ದರೆ 'ವೀತೆ', ವ್ಯಕ್ತಿಯ ಪರಿಚಯವಿದ್ದರೆ 'ಷೆನ್ನೆ', ಭಾಷೆ ಬರುತ್ತದೆ ಎನ್ನಲು 'ಕುನ್ನೆ'. ಕನ್ನಡವೂ ಇದೇ ಭೇದವನ್ನು ಕಾಪಾಡಿಕೊಂಡಿರುವುದರಿಂದ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದಲೇ ಹೋಗುವುದು ಲೇಸೆಂದು ನನಗೆ ಮನವರಿಕೆಯಾಗಿದೆ. 'ಫ್ರೀ' ಕೂಡ ಹಾಗೆಯೇ: ದುಡ್ಡಿಲ್ಲದೆ ಸಿಗುವುದು 'ಗ್ರಾತಿಸ್', ಖಾಲಿ ಇರುವ ಕುರ್ಚಿ 'ಲೇದಿ'.

ನನ್ನ ತೊಡಕೆಲ್ಲ 'ಥಿಂಕ್' ಪದದ್ದು. ಯೋಚಿಸುವ ಕ್ರಿಯೆಗೆ 'ತೆಂಕೆ' ಎನ್ನುತ್ತಾರೆ. ನಾಳೆ ಮಳೆ ಬರಬಹುದೆಂದು ಖಚಿತವಿಲ್ಲದೆ ಊಹಿಸುವಾಗ 'ತ್ರೂ' ಬರುತ್ತದೆ. ಊಟ ಉಂಡ ಮೇಲೆ ಅದು ರುಚಿಯಾಗಿದೆ ಎಂದು ಸ್ವಂತ ಅನುಭವದಿಂದ ಹೇಳುವಾಗ 'ಸೀನೆಸ್' ಬರುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ, ಉಂಡವನೇ ಇನ್ನೂ ಉಂಡಿಲ್ಲವೇನೋ ಎಂಬಂತೆ ಕೇಳಿಸುತ್ತದೆ. ಇಲ್ಲಿಯವರೆಗೆ ಸರಿ, ಆದರೆ ವಿಚಾರಮಾಡಿ ತಳೆದ ನಿಲುವಿಗೆ ಬಳಸುವ 'ಮೇನೆ'ಗೂ 'ಸೀನೆಸ್‌'ಗೂ ಇರುವ ಗಡಿಯನ್ನು ಕನ್ನಡದಲ್ಲಿ ಹೇಗೆ ವಿವರಿಸಲಿ? 'ನನಗನ್ನಿಸುತ್ತದೆ', 'ನನ್ನ ಅಭಿಪ್ರಾಯದಲ್ಲಿ' ಎಂಬ ಜೋಡಿ ಸಾಕಾಗುತ್ತದೆಯೇ?

ಓಸ್ಲೋ, ಬರ್ಗೆನ್ ಮುಂತಾದೆಡೆ ಹಲವು ವರ್ಷಗಳಿಂದ ನೆಲೆಸಿರುವ ಹಿರಿಯರು, ಕೆಲಸದ ಜಾಗದಲ್ಲಿ ನೀವು ಕೇಳಿದ ಒಂದೆರಡು ವಾಕ್ಯಗಳನ್ನು ಸಂದರ್ಭಸಹಿತ ಬರೆದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.