ಡೀಸೆಲ್ ಗೇಜಿನ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು, ಎಂಜಿನ್ ನಿಂತುಹೋಯಿತು

ಹ್ಯಾಂಬಲ್ ಹಾಯಿಗ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ದೋಣಿಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯವನು, ಕೆಲಸ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಮೂರು ವರ್ಷದ ಹಿಂದೆ ಒಂದು ಹಳೆಯ ವೆಸ್ಟರ್ಲಿ ಸೆಂಟಾರ್ ತಗೊಂಡೆ. 26 ಅಡಿಯ ಹಾಯಿದೋಣಿ, 1974ರಲ್ಲಿ ಕಟ್ಟಿದ್ದು, ತೂಕ ಮೂರು ಟನ್. ಅಡಿಗೆ ಜೋಡಿ ಕೀಲ್ (ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆ) ಇರುವುದರಿಂದ ನೀರಿಳಿದರೂ ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಹಿಂದೊಮ್ಮೆ ಯಾರೋ ಹಳೆಯ ಎಂಜಿನ್ ತೆಗೆದು ಯಾನ್ಮಾರ್ 2ಜಿಎಂ20 ಕೂರಿಸಿದ್ದಾರೆ. ಎರಡು ಸಿಲಿಂಡರ್, 18 ಅಶ್ವಶಕ್ತಿ. ಟ್ಯಾಂಕೂ ಮೂಲದ್ದಲ್ಲ. ಕಾಕ್‌ಪಿಟ್ ಕೆಳಗಿನ ಜಾಗಕ್ಕೆ ಸರಿಯಾಗಿ ಸ್ಟೀಲಿನಲ್ಲಿ ಮಾಡಿಸಿದ್ದು, 40 ಲೀಟರ್ ಹಿಡಿಯುತ್ತದೆ.

ಪಶ್ಚಿಮಕ್ಕಿರುವ ಪೂಲ್ ಬಂದರಿನಿಂದ ವಾಪಸ್ ಬರುತ್ತಿದ್ದೆವು. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು. ಮಧ್ಯಾಹ್ನ ಗಾಳಿ ಪೂರ್ತಿ ನಿಂತುಹೋಯಿತು. ಎಂಜಿನ್ ಹಾಕಿದೆವು. ಹರ್ಸ್ಟ್ ಕೋಟೆಯ ಪಕ್ಕದ ಇಕ್ಕಟ್ಟು ಕಡಲದಾರಿಗೆ ಬರುವಷ್ಟರಲ್ಲಿ ನೀರು ತಿರುಗಿ ಇಳಿತ ಶುರುವಾಗಿ, ಸೆಳೆತ ನಮಗೆ ಎದುರಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಅಲ್ಲಿನ ಸೆಳೆತ 4 ನಾಟ್ (ಗಂಟೆಗೆ 4 ಸಮುದ್ರ ಮೈಲು) ಮುಟ್ಟುತ್ತದೆ. ನಮ್ಮ ಎಂಜಿನ್ ಅಷ್ಟು ಕೂಗುತ್ತಿದ್ದರೂ ದಡದ ಕೋಟೆ ಪಕ್ಕದಲ್ಲೇ ನಿಂತ ಹಾಗಿತ್ತು. ಆಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಗೇಜಿನ ಮುಳ್ಳು ಕಾಲಿಗಿಂತ ಒಂದು ಕೂದಲೆಳೆ ಮೇಲೆಯೇ ಇತ್ತು.

ದೋಣಿ ಹಿಂದಕ್ಕೆ, ಶಿಂಗಲ್ಸ್ ಜಲ್ಲಿದಿಣ್ಣೆಯ ಕಡೆಗೆ ತೇಲತೊಡಗಿತು. ಲಂಗರು ಬಿಟ್ಟೆ, ಪುಣ್ಯಕ್ಕೆ ಹಿಡಿಯಿತು. ಎಂಜಿನ್ ಪೆಟ್ಟಿಗೆ ತೆರೆದೆ, ಮಗಳು ಟಾರ್ಚ್ ಹಿಡಿದಳು. ಫಿಲ್ಟರಿನ ಪಾರದರ್ಶಕ ಬಟ್ಟಲಲ್ಲಿ ಡೀಸೆಲ್ ಬದಲು ನೊರೆ. ಜೆರ್ರಿಕ್ಯಾನ್‌ನಲ್ಲಿದ್ದ 10 ಲೀಟರ್ ಸುರಿದು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಪುಟ್ಟ ಸನ್ನೆಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಕೂತೆ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಬುಡದಲ್ಲಿ ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡಲಿಲ್ಲ. ಮಧ್ಯೆ ಮಧ್ಯೆ ಸ್ಟಾರ್ಟ್ ಮಾಡಿ ನೋಡಿದ್ದೆಷ್ಟು ಸಲವೋ ಲೆಕ್ಕವಿಲ್ಲ. 50 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಹೆಂಡತಿ ಮುಂದೆ ಕೂತು ಲಂಗರಿನ ಸರಪಳಿ ಕೈಯಲ್ಲಿ ಹಿಡಿದು, ಅದು ಜಾರುತ್ತಿದೆಯಾ ಎಂದು ನೋಡುತ್ತಿದ್ದಳು.

ನನಗೆ ಅರ್ಥವಾಗದ್ದು ಇದು. ಟ್ಯಾಂಕ್ ತುಂಬಿಸಿದ ಮೇಲೆ ಎಂಜಿನ್ ಓಡಿದ್ದು 16 ಗಂಟೆ, ಮೀಟರಿನಲ್ಲೇ ಇದೆ. ಈ ಎಂಜಿನ್ ಗಂಟೆಗೆ ಒಂದೂವರೆ ಲೀಟರ್ ಕುಡಿಯುತ್ತದೆ ಅಂತ ಬಂದರಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಲೆಕ್ಕದಲ್ಲಿ 24 ಲೀಟರ್ ಮುಗಿದು 16 ಉಳಿದಿರಬೇಕು. ಮುಳ್ಳಿನ ಪ್ರಕಾರವಾದರೂ 10 ಇರಬೇಕು. ಎರಡೂ ಲೆಕ್ಕ ತಪ್ಪಿದ್ದು ಹೇಗೆ? ಗೇಜ್ ಕೆಟ್ಟಿದೆಯಾ, ಎಲ್ಲಾದರೂ ಸೋರುತ್ತಿದೆಯಾ? ಅಡಿಯ ಬಿಲ್ಜ್ (ಸೋರಿದ್ದು ಬಂದು ಸೇರುವ ತಳದ ಜಾಗ) ಒರೆಸಿ ನೋಡಿದೆ, ಡೀಸೆಲ್ ಪಸೆಯೂ ಇಲ್ಲ.

ಕುಮಟಾದ ಚೀಫ್:

ಮೊದಲಿಗೆ, ಲಂಗರು ಬಿಟ್ಟು ಆಮೇಲೆ ಎಂಜಿನ್ ಕಡೆ ಹೋದಿರಲ್ಲ, ಅದೇ ನಿಮ್ಮನ್ನು ಕಾಪಾಡಿತು. ಬಹಳ ಜನ ಮೊದಲು ಕೀಲಿ ತಿರುಗಿಸುತ್ತಾ ಕೂರುತ್ತಾರೆ.

ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ, ಮರೆಯಬೇಡಿ. ಎಂಜಿನ್ ಹತ್ತದೆ ಪದೇ ಪದೇ ಸ್ಟಾರ್ಟರ್ ಒತ್ತುವಾಗ ಎಂಜಿನ್ ತಂಪಾಗಿಸುವ ಸಮುದ್ರದ ನೀರಿನ ವಾಲ್ವ್ ಮುಚ್ಚಿರಬೇಕು. ಎಂಜಿನ್ ತಿರುಗಿದಷ್ಟೂ ನೀರಿನ ಪಂಪೂ ತಿರುಗುತ್ತದೆ. ಆದರೆ ಆ ನೀರನ್ನು ಹೊರಗೆ ತಳ್ಳಲು ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ, ಎಕ್ಸಾಸ್ಟ್ ಮೂಲಕ ನೀರು ಹಿಂದಕ್ಕೆ ಸಿಲಿಂಡರಿಗೇ ಇಳಿಯುತ್ತದೆ. ಎಂಜಿನ್ ಹತ್ತಿದ ಕ್ಷಣ ವಾಲ್ವ್ ತೆರೆಯಿರಿ. ನಿಮ್ಮದು ಬಚಾವಾಗಿದೆ, ಆದರೂ ಎಂಜಿನ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದೆಯಾ ನೋಡಿ.

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ ಒಂದೂವರೆ ಲೀಟರ್ ಸುಳ್ಳಲ್ಲ, ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಅನ್ನುವುದನ್ನು ಯಾರೂ ಹೇಳಿಲ್ಲ ಅಷ್ಟೆ. ಸಣ್ಣ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 0.3 ಲೀಟರ್ ಸುಡುತ್ತದೆ. ನಿಮ್ಮ ಎಂಜಿನ್ 3600 ಆರ್‌ಪಿಎಂನಲ್ಲಿ 13 ಕಿಲೋವ್ಯಾಟ್, ಅಂದರೆ ಗಂಟೆಗೆ 4 ಲೀಟರ್. ಪ್ರೊಪೆಲ್ಲರ್ ಕೇಳುವ ಶಕ್ತಿ ಆರ್‌ಪಿಎಂನ ಘನದಂತೆ ಏರುತ್ತದೆ, ಅಂದರೆ ಆರ್‌ಪಿಎಂ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 2500ರಲ್ಲಿ ಗಂಟೆಗೆ ಒಂದೂವರೆ ಲೀಟರಿನ ಆಸುಪಾಸು, 3000ದಲ್ಲಿ 2.3ರಿಂದ 2.4. ನೀವು ಯಾವುದರಲ್ಲಿ ಓಡಿಸುತ್ತೀರಿ ಬರೆದಿಲ್ಲ. ಆದರೆ 16 ಗಂಟೆಗೆ 37 ಲೀಟರ್ ಹೋಗಿದೆ ಅಂದರೆ ನೀವು 3000ದವರು ಅಂತ ಊಹಿಸುತ್ತೇನೆ. ತಳಕ್ಕೆ, ಪ್ರೊಪೆಲ್ಲರಿಗೆ ಚಿಪ್ಪು ಅಂಟಿದ್ದರೆ ಇನ್ನೂ ಹೆಚ್ಚು.

ಅಷ್ಟು ಸುಟ್ಟು ಸಿಗುವುದೇನು? ಸೆಂಟಾರ್‌ನ ನೀರುಗೆರೆಯ ಉದ್ದ, ಅಂದರೆ ನೀರಿನ ಮಟ್ಟದಲ್ಲಿ ದೋಣಿಯ ಉದ್ದ, ಆರೂವರೆ ಮೀಟರ್. ಅಂಥ ದೋಣಿ 6 ನಾಟ್ ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಕೂರುತ್ತದೆ. ಅಲ್ಲಿಂದ ಮುಂದೆ ಸುರಿದ ಡೀಸೆಲ್ ಎಲ್ಲ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. 2500ರಲ್ಲಿ 5 ನಾಟ್, 3000ದಲ್ಲಿ 5.6 ನಾಟ್ ಅಂತಿಟ್ಟುಕೊಳ್ಳಿ. 20 ಮೈಲು ದಾರಿಗೆ ಮೊದಲನೆಯದರಲ್ಲಿ ನಾಲ್ಕು ಗಂಟೆ, 6 ಲೀಟರ್. ಎರಡನೆಯದರಲ್ಲಿ ಉಳಿಯುವುದು 26 ನಿಮಿಷ, ಹೋಗುವುದು ಎಂಟೂವರೆ ಲೀಟರ್.

ಹರ್ಸ್ಟ್‌ನಲ್ಲಿ 4 ನಾಟ್ ಸೆಳೆತಕ್ಕೆ ಎದುರಾಗಿ 5.6ರಲ್ಲಿ ಹೋದರೆ ನೆಲದ ಲೆಕ್ಕಕ್ಕೆ ನೀವು ಮುಂದೆ ಹೋಗುವುದು 1.6 ನಾಟ್. ಪ್ರತಿ ಮೈಲಿಗೆ ಒಂದೂವರೆ ಲೀಟರ್! ಸೆಳೆತವಿಲ್ಲದ ಕಡೆ 2500ರಲ್ಲಿ ಅದೇ ಮೈಲಿಗೆ 0.3 ಸಾಕು. ಅಲ್ಲಿ ಲಂಗರು ಹಾಕಿ, ಅನ್ನ ಸಾರು ಬಿಸಿ ಮಾಡಿ ಉಂಡು, ನೀರು ತಿರುಗಿದ ಮೇಲೆ ಹೊರಡುವುದೇ ಸರಿ.

ಗೇಜ್ ಕೆಟ್ಟಿಲ್ಲ ಅನ್ನಿಸುತ್ತದೆ. ಟ್ಯಾಂಕಿನ ಆಕಾರ ಹೇಗಿದೆ? ದೋಣಿಯ ತಳದ ಹಾಗೆ, ಇಂಗ್ಲಿಷಿನ V ಅಕ್ಷರದಂತೆ, ಕೆಳಗೆ ಚೂಪಾಗಿದ್ದರೆ ಅಲ್ಲೇ ಇದೆ ಉತ್ತರ. ಗೇಜಿಗೆ ಗೊತ್ತಿರುವುದು ಎತ್ತರ ಮಾತ್ರ, ಲೀಟರ್ ಅಲ್ಲ. ಕೆಳಗೆ ಚೂಪಾದ ಟ್ಯಾಂಕಿನಲ್ಲಿ ಅರ್ಧ ಎತ್ತರ ಅಂದರೆ ಕಾಲು ಭಾಗ ಡೀಸೆಲ್. ಕಾಲು ಎತ್ತರ ಅಂದರೆ ಹದಿನಾರರಲ್ಲಿ ಒಂದು ಭಾಗ. 40 ಲೀಟರಿನಲ್ಲಿ ಅದು ಬರೀ ಎರಡೂವರೆ ಲೀಟರ್.

ಆದರೂ ಮಲ್ಟಿಮೀಟರ್ ಹಿಡಿದು ಸೆಂಡರಿನ (ಟ್ಯಾಂಕಿನೊಳಗೆ ಮಟ್ಟ ಅಳೆದು ಗೇಜಿಗೆ ತಿಳಿಸುವ ಸಾಧನ) ಓಮ್ ನೋಡಿ. ಯುರೋಪಿನ ಕ್ರಮದಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಅಮೆರಿಕದ್ದಾದರೆ ತಿರುಗುಮುರುಗು, ಖಾಲಿಗೆ 240, ತುಂಬಿದ್ದಕ್ಕೆ 33. ಮುಳ್ಳು ಒಂದು ಕಡೆಯದು, ಸೆಂಡರ್ ಇನ್ನೊಂದು ಕಡೆಯದು ಸೇರಿಸಿಬಿಟ್ಟ ದೋಣಿಗಳೂ ಉಂಟು.

ದೊಡ್ಡ ಹಡಗಿನಲ್ಲೂ ನಾವು ಬರೀ ಗೇಜ್ ನಂಬಿ ಕೂತವರಲ್ಲ. ಟೇಪ್ ಇಳಿಸಿ ಸೌಂಡಿಂಗ್, ಅಂದರೆ ಎಣ್ಣೆಯ ಆಳದ ಅಳತೆ, ತಗೊಂಡು, ಆ ಟ್ಯಾಂಕಿನ ಟೇಬಲ್‌ನಲ್ಲಿ ಎಷ್ಟು ಎತ್ತರಕ್ಕೆ ಎಷ್ಟು ಅಂತ ನೋಡಿ, ಹಡಗು ಹಿಂದೆ ಮುಂದೆ ವಾಲಿದ್ದರೆ ಅದಕ್ಕೂ ಲೆಕ್ಕ ಸರಿಮಾಡಿ ಬರೆಯುವುದು. ನಿಮ್ಮ 40 ಲೀಟರಿಗೂ ಅಂಥದ್ದೊಂದು ಟೇಬಲ್ ಬೇಕು.

ಮಲ್ಪೆ ಹುಡುಗ:

ಚೀಫ್ ಸರ್ ಹೇಳಿದ್ದು ಸರಿ. ಟೇಬಲ್ ಮಾಡುವುದು ಸುಲಭ ಉಂಟು ಮಾರಾಯ್ರೆ. ಅಪ್ಪನ ಬೋಟಿನಲ್ಲಿ ಒಂದು ಮರದ ಕೋಲು ಇತ್ತು, ಅದರ ಮೇಲೆ ಚಾಕುವಿನಲ್ಲಿ ಕೊರೆದ ಗೆರೆಗಳು. ಕಡಲಿಗೆ ಹೊರಡುವ ಮುಂಚೆ ತಾಂಡೇಲರು (ಬೋಟಿನ ನಾಯಕ) ಅದನ್ನು ಟ್ಯಾಂಕಿಗೆ ಇಳಿಸಿ ನೋಡದೆ ಹಗ್ಗ ಬಿಚ್ಚುತ್ತಿರಲಿಲ್ಲ. ಸಣ್ಣವನಿದ್ದಾಗ ಆ ಕೋಲು ಒರೆಸಿಡುವುದು ನನ್ನ ಕೆಲಸ.

ನೀವು ಟ್ಯಾಂಕ್ ಖಾಲಿ ಮಾಡಿ, ಐದೈದು ಲೀಟರ್ ಅಳೆದು ಸುರಿದು, ಪ್ರತಿ ಸಲ ಕೋಲು ಇಳಿಸಿ ಒದ್ದೆ ಎಲ್ಲಿಗೆ ಬಂತೋ ಅಲ್ಲಿ ಕೊರೆಯಿರಿ. ಪೆನ್ನಿನಲ್ಲಿ ಬರೆಯಬೇಡಿ, ಡೀಸೆಲ್‌ಗೆ ಅಳಿಸಿ ಹೋಗುತ್ತದೆ. ದೋಣಿ ಕಟ್ಟಿ ನಿಲ್ಲಿಸಿದಾಗ, ವಾಲದೇ ಇರುವಾಗ ಮಾತ್ರ ನೋಡಬೇಕು. ಕೋಲಿನ ತುದಿಗೆ ಕಪ್ಪು ಜಿಡ್ಡು ಅಂಟಿ ಬಂದರೆ ತಳದಲ್ಲಿ ಗಸಿ ಕೂತಿದೆ ಅಂತ ಲೆಕ್ಕ, ಅದನ್ನೂ ಆಗಲೇ ತೆಗೆಸಿ.

ಫ್ರೀಸ್‌ಲ್ಯಾಂಡ್‌ನಿಂದ:

ಕೋಲು ಇಳಿಸಲು ನೇರ ದಾರಿ ಇಲ್ಲದಿದ್ದರೆ ಟ್ಯಾಂಕಿನ ಪಕ್ಕಕ್ಕೆ ಪಾರದರ್ಶಕ ಕೊಳವೆ ಹಾಕಿಸಬಹುದು, ನಮ್ಮ ದೋಣಿಯಲ್ಲಿ ಹಾಗೇ ಇದೆ. ಕರೆಂಟೂ ಬೇಡ, ಓಮೂ ಬೇಡ. ಒಂದೇ ಎಚ್ಚರಿಕೆ: ಕೆಳಗಿನ ತುದಿಗೆ ವಾಲ್ವ್ ಇರಲೇಬೇಕು. ನೋಡುವಾಗ ಮಾತ್ರ ತೆರೆದು, ಆಮೇಲೆ ಮುಚ್ಚಿಬಿಡಿ. ಬೆಂಕಿ ಬಿದ್ದರೆ ಮೊದಲು ಕರಗುವುದು ಆ ಕೊಳವೆಯೇ.

ಹ್ಯಾಂಬಲ್ ಹಾಯಿಗ:

ಎರಡು ಶನಿವಾರ ಕಳೆದು ಬರೆಯುತ್ತಿದ್ದೇನೆ. ಚೀಫ್ ಸರ್, ನಿಮ್ಮ ಊಹೆ ಸರಿ. ನನಗೆ 3000ದಲ್ಲೇ ಓಡಿಸುವ ಅಭ್ಯಾಸ, ಆ ಸದ್ದು ಕಿವಿಗೆ ಹಿತವಾಗಿತ್ತು. ಆಯಿಲ್ ಚೆನ್ನಾಗಿದೆ. ಸೆಂಡರ್ ಯುರೋಪಿನದು, ಮುಳ್ಳೂ ಅದರದೇ ಜೋಡಿ. ಟ್ಯಾಂಕ್ ಮಾತ್ರ ನೀವು ಹೇಳಿದ ಹಾಗೆ ಕೆಳಗೆ ಚೂಪು, ಆಳ 40 ಸೆಂಟಿಮೀಟರ್.

ಮಲ್ಪೆಯವರೇ, ಬೀಚ್ ಮರದ ಕೋಲು ತಂದೆ. ನಾನು ಸುರಿದೆ, ಮಗಳು ಕೊರೆದಳು. ಮೊದಲ 5 ಲೀಟರಿಗೇ 14 ಸೆಂಟಿಮೀಟರ್ ಬಂತು. 10 ಲೀಟರಿಗೆ 20. 20 ಲೀಟರಿಗೆ 28. 30ಕ್ಕೆ 35ರ ಹತ್ತಿರ. ಕೊನೆಯ 10 ಲೀಟರ್ ಹಿಡಿಯಲು ಐದು ಸೆಂಟಿಮೀಟರ್ ಸಾಕಾಯಿತು. ಗೆರೆಗಳು ಕೆಳಗೆ ದೂರ ದೂರ, ಮೇಲೆ ಹೋದಂತೆ ಒತ್ತೊತ್ತಾಗಿವೆ. "ಅಪ್ಪ, ಮುಳ್ಳು ಅರ್ಧಕ್ಕೆ ಬಂತು, ಆದರೆ ನಾವು ಹಾಕಿದ್ದು ಹತ್ತೇ ಲೀಟರ್" ಅಂತ ಮಗಳು ಒಳಗಿಂದ ಕೂಗಿದಾಗ, ಮೂರು ವರ್ಷ ಆ ಮುಳ್ಳನ್ನು ನಂಬಿ ಇವರಿಬ್ಬರನ್ನೂ ಎಲ್ಲೆಲ್ಲಿಗೆ ಕರೆದುಕೊಂಡು ಹೋಗಿದ್ದೆ ಅಂತ ನೆನೆದು ಎದೆ ಧಸಕ್ಕೆಂದಿತು.

ಈಗ ಗೇಜಿನ ಗಾಜಿನ ಮೇಲೆ ಕೆಂಪು ಟೇಪ್ ತುಂಡು ಅಂಟಿಸಿದ್ದೇನೆ, ಸರಿಯಾಗಿ ಅರ್ಧದ ಗೆರೆಗೆ. ಮುಳ್ಳು ಅಲ್ಲಿಗೆ ಬಂದರೆ ಡೀಸೆಲ್ ಹಾಕಿಸಲೇಬೇಕು. ಲಾಗ್ ಪುಸ್ತಕದಲ್ಲಿ ಎಂಜಿನ್ ಗಂಟೆಯ ಪಕ್ಕ ಆರ್‌ಪಿಎಂ ಬರೆಯಲು ಇನ್ನೊಂದು ಕಾಲಂ ಎಳೆದೆ. ಹೋದ ವಾರ 2500ರಲ್ಲಿ ಆರು ಗಂಟೆ ಓಡಿಸಿ ಕೋಲು ಇಳಿಸಿದರೆ ಮುಗಿದಿದ್ದು 9 ಲೀಟರ್.

ಒಂದು ಪ್ರಶ್ನೆ ಉಳಿದಿದೆ. ಡೀಸೆಲ್ ಎಳೆಯುವ ಪೈಪಿನ ಬಾಯಿ ತಳದಿಂದ 8 ಸೆಂಟಿಮೀಟರ್ ಮೇಲಿದೆ. ಅದನ್ನು 4ಕ್ಕೆ ಇಳಿಸಿದರೆ ಇನ್ನೊಂದು ಲೀಟರಾದರೂ ಸಿಕ್ಕೀತೇ?

ಕುಮಟಾದ ಚೀಫ್:

ಇಳಿಸಬೇಡಿ. ಆ 8 ಸೆಂಟಿಮೀಟರಿನಲ್ಲಿರುವುದು ಒಂದೂವರೆ ಲೀಟರ್ ಚಿಲ್ಲರೆ. ನೀರು, ಗಸಿ ಎಲ್ಲ ಕೂರುವುದೂ ಅಲ್ಲೇ. ಅಲೆಗೆ ದೋಣಿ ಕುಲುಕಿದಾಗ ಅದು ಎದ್ದು ಫಿಲ್ಟರಿಗೆ ಬಂದರೆ ಮತ್ತೆ ಹರ್ಸ್ಟ್‌ನಲ್ಲೇ ನಿಲ್ಲುತ್ತೀರಿ. ಆ ಒಂದು ಲೀಟರ್ ಬೇಕಿದ್ದರೆ ಜೆರ್ರಿಕ್ಯಾನ್‌ನಲ್ಲಿಡಿ. ಕೋಲಿನ ಮೇಲೆ ಇನ್ನೊಂದು ಗೆರೆ ಕೊರೆಸಿ, 12 ಸೆಂಟಿಮೀಟರಿಗೆ, ಸೊನ್ನೆ ಅಂತ.