ಚಾರ್ಜಿಂಗ್ ಗನ್ ವಿಪರೀತ ಬಿಸಿ, ಆದರೂ ಎಂಸಿಬಿ ಬೀಳುತ್ತಿಲ್ಲ. ಯಾಕೆ?

ಹಸಿರುಗಾಡಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಅಂತ ಗೋಡೆಗೆ ಹಾಕಿಸಿದ 7.4 ಕಿಲೋವ್ಯಾಟ್ ಚಾರ್ಜರ್ ಇದೆ. ಸಿಂಗಲ್ ಫೇಸ್, 32 ಆಂಪ್, ಟೈಪ್ 2 ಗನ್ (ಕೇಬಲ್ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಪ್ಲಗ್). ಈಚೆಗೆ ಚಾರ್ಜ್ ಶುರುವಾದ ಸ್ವಲ್ಪ ಹೊತ್ತಿಗೇ ಗನ್ ಕೈ ಇಡೋಕೆ ಆಗದಷ್ಟು ಬಿಸಿಯಾಗುತ್ತಿದೆ. ಆಮೇಲೆ ಕಾರು ತಾನಾಗಿಯೇ ಕರೆಂಟ್ ಅನ್ನು 16 ಆಂಪ್‌ಗೆ ಇಳಿಸಿಕೊಳ್ಳುತ್ತದೆ. ಗನ್ ತೆಗೆದು ನೋಡಿದರೆ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಮಾತ್ರ ಒಮ್ಮೆಯೂ ಬಿದ್ದಿಲ್ಲ. ಹಾಗಾದರೆ ವೈರಿಂಗ್ ಸರಿ ಇದೆ ಅಂತ ಅಲ್ವಾ? ಎಷ್ಟು ಬಿಸಿ ಮಾಮೂಲಿ, ಎಷ್ಟಾದರೆ ನಿಲ್ಲಿಸಬೇಕು? ಪಿನ್‌ಗಳನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಗ್ರೀಸ್ ಹಚ್ಚಿದರೆ ಸಾಕು ಅಂತ ಪರಿಚಯದವರು ಹೇಳುತ್ತಿದ್ದಾರೆ. ಮಾಡಬಹುದಾ?

ತಂತಿಕೆಲಸ:
ಮೊದಲು ಆ ಗನ್ ಬಳಸುವುದನ್ನು ನಿಲ್ಲಿಸಿ, ಉಳಿದದ್ದು ಆಮೇಲೆ. ಪ್ಲಾಸ್ಟಿಕ್ ಬಣ್ಣ ತಿರುಗಿದೆ ಅಂದರೆ ಒಳಗೆ ಪಿನ್ ತುಂಬಾ ದಿನದಿಂದ ಸುಡುತ್ತಿದೆ.

ಎಂಸಿಬಿ ಬೀಳಲಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ತನ್ನ ಮೂಲಕ ಹರಿಯುವ ಕರೆಂಟ್ ಮಿತಿ ದಾಟಿದರೆ ಮಾತ್ರ ಅದು ಬೀಳುತ್ತದೆ. ನಿಮ್ಮಲ್ಲಿ ಕರೆಂಟ್ ಜಾಸ್ತಿ ಆಗಿಯೇ ಇಲ್ಲ, 32 ಆಂಪ್ 32 ಆಗಿಯೇ ಇದೆ. ಕೆಟ್ಟಿರುವುದು ಪಿನ್ನೂ ಅದರ ಜೋಡಿಯೂ ಮುಟ್ಟುವ ಜಾಗ. ಆರ್‌ಸಿಡಿ ಅನ್ನುವ ಸುರಕ್ಷತಾ ಸ್ವಿಚ್ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಅದು ನೋಡುವುದು ಲೀಕೇಜನ್ನು, ಅಂದರೆ ದಾರಿ ತಪ್ಪಿ ಸೋರುವ ಕರೆಂಟನ್ನು.

ಲೆಕ್ಕ ಹಾಕಿ ನೋಡಿ. ಬಿಸಿ ಅಂದರೆ ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ (ಆ ಮುಟ್ಟುವ ಜಾಗದ ಪ್ರತಿರೋಧ) 1 ಮಿಲಿಓಮ್ ಇದ್ದರೆ 32 ಆಂಪ್‌ನಲ್ಲಿ ಸುಮಾರು 1 ವ್ಯಾಟ್, ಅದು ಲೆಕ್ಕಕ್ಕೇ ಇಲ್ಲ. ಅದೇ ಪಿನ್ ಲೂಸಾಗಿ 20 ಮಿಲಿಓಮ್‌ಗೆ ಏರಿದರೆ 20 ವ್ಯಾಟ್ ದಾಟುತ್ತದೆ. ಒಂದು ಸಣ್ಣ ಸೋಲ್ಡರಿಂಗ್ ಐರನ್ ಅನ್ನು ಆನ್ ಮಾಡಿ ಗನ್ ಒಳಗೆ ಇಟ್ಟ ಹಾಗೆ. ಆಗಲೂ ಅಲ್ಲಿ ಕಳೆದುಹೋಗುವ ವೋಲ್ಟೇಜ್ ಒಂದು ವೋಲ್ಟ್ ಕೂಡ ಇಲ್ಲ, ಅದಕ್ಕೇ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಬಿಸಿಗೆ ಕಾಂಟ್ಯಾಕ್ಟಿನ ಸ್ಪ್ರಿಂಗ್ ಸಡಿಲವಾಗುತ್ತದೆ, ಸಡಿಲವಾದರೆ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಮತ್ತೆ ಇನ್ನಷ್ಟು ಬಿಸಿ. ಇದು ತಾನಾಗಿಯೇ ಸರಿಹೋಗುವ ಜಾತಿಯ ತೊಂದರೆ ಅಲ್ಲ.

ನಿಮ್ಮ ಕಾರು 16ಕ್ಕೆ ಇಳಿಸಿದ್ದು ಪೋರ್ಟಿನೊಳಗಿನ (ಕಾರಿನಲ್ಲಿ ಗನ್ ಸಿಕ್ಕಿಸುವ ಜಾಗದ) ಬಿಸಿ ಅಳೆಯುವ ಸೆನ್ಸರ್ ನೋಡಿ ಇರಬೇಕು. ಕರೆಂಟ್ ಅರ್ಧ ಆದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಹಾಗೆ ಮಾಡುತ್ತದೆ. ಅದನ್ನು ಪರಿಹಾರ ಅಂತ ತಿಳಿಯಬೇಡಿ, ಎಚ್ಚರಿಕೆ ಅಂತ ತಿಳಿಯಿರಿ.

ಹಸಿರುಗಾಡಿ:
ಗಾಬರಿಯಾಯಿತು, ಆದರೆ ಅರ್ಥ ಆಯಿತು. ಸದ್ಯ ಬಳಕೆ ನಿಲ್ಲಿಸಿದ್ದೇನೆ. ತೊಂದರೆ ಗನ್‌ನಲ್ಲೋ, ಪೋರ್ಟಿನಲ್ಲೋ, ಗೋಡೆಯ ಬಾಕ್ಸಿನಲ್ಲೋ ಅಂತ ಹೇಗೆ ಗೊತ್ತುಮಾಡುವುದು? ಸ್ಯಾಂಡ್ ಪೇಪರ್ ವಿಷಯವನ್ನೂ ಹೇಳಿ.

ಪಿನ್‌ಪರೀಕ್ಷೆ:
ಸ್ಯಾಂಡ್ ಪೇಪರ್ ಬೇಡವೇ ಬೇಡ. ಒಳ್ಳೆಯ ಪಿನ್‌ಗಳ ಮೇಲೆ ಬೆಳ್ಳಿಯ ಲೇಪ ಇರುತ್ತದೆ, ಅದರ ದಪ್ಪ ಮೈಕ್ರಾನ್‌ಗಳಲ್ಲಿ. ಉಜ್ಜಿದರೆ ಲೇಪ ಹೋಗಿ ಕೆಳಗಿನ ತಾಮ್ರ ಹೊರಗೆ ಬರುತ್ತದೆ, ಆಮೇಲೆ ತುಕ್ಕು ಬೇಗ ಹಿಡಿಯುತ್ತದೆ. ನಾಲ್ಕು ದಿನ ಫಳಫಳ ಹೊಳೆಯುತ್ತದೆ ಅಷ್ಟೇ. ಗ್ರೀಸ್ ಕೂಡ ತಯಾರಕರು ಹೇಳದೆ ಹಚ್ಚಬೇಡಿ, ಧೂಳು ಅಂಟಿಕೊಂಡು ಕೂರುತ್ತದೆ. ಸಪ್ಲೈ ಪೂರ್ತಿ ಆಫ್ ಮಾಡಿ ಒಣ ಗಾಳಿ ಊದಿ ಧೂಳು ತೆಗೆಯಬಹುದು, ಅಷ್ಟೇ ಮನೆಯಲ್ಲಿ ಮಾಡುವ ಕೆಲಸ.

ಪಿನ್ ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅದು ಬೆಳ್ಳಿ ಗಾಳಿಗೆ ಕಪ್ಪಾಗಿರುವುದು, ಅದಕ್ಕೆ ಹೆದರಬೇಕಿಲ್ಲ. ಒಂದೇ ಪಿನ್ ಬೇರೆ ಬಣ್ಣ, ಸುತ್ತ ಪ್ಲಾಸ್ಟಿಕ್ ಕಂದು ಅಥವಾ ಸೊಟ್ಟ, ಸುಟ್ಟ ವಾಸನೆ, ಗನ್ ಹಾಕಿದಾಗ ಸಡಿಲ ಅನ್ನಿಸುವುದು, ಇವು ಶಾಖದ ಗುರುತು.

ಎಷ್ಟು ಬಿಸಿ ಸರಿ ಅಂತ ಕೇಳಿದ್ದೀರಿ. ಐಇಸಿ 61851 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ವಾತಾವರಣ 40 ಡಿಗ್ರಿ ಇದ್ದಾಗಲೂ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಭಾಗ 60 ಡಿಗ್ರಿ ದಾಟಬಾರದು. ಟರ್ಮಿನಲ್‌ಗಳ ಮಟ್ಟಿಗೆ ಐಇಸಿ 62196 ಹೇಳುವುದು ಸುತ್ತಲಿಗಿಂತ 50 ಡಿಗ್ರಿಗಿಂತ ಜಾಸ್ತಿ ಏರಬಾರದು ಅಂತ. ಬೆಚ್ಚಗಿದ್ದರೆ ಪರವಾಗಿಲ್ಲ, ಹಿಡಿದುಕೊಂಡಿರಲು ಆಗದಿದ್ದರೆ ನಿಲ್ಲಿಸಿ.

ಎಲ್ಲಿ ಬಿಸಿ ಅಂತ ಹುಡುಕಲು ಥರ್ಮಲ್ ಕ್ಯಾಮೆರಾ ಇದ್ದವರನ್ನು ಕರೆಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಆದರೂ ನಡೆಯುತ್ತದೆ, ಆದರೆ ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ, ಪಕ್ಕದ ಪ್ಲಾಸ್ಟಿಕ್‌ಗೆ ಹಿಡಿಯಿರಿ. ನೆನಪಿಡಿ, ಪಿನ್ ಮುಂಭಾಗ ಚೆನ್ನಾಗಿದ್ದು ಹಿಂದೆ ವೈರ್ ಕ್ರಿಂಪ್ ಮಾಡಿದ (ಅದುಮಿ ಜೋಡಿಸಿದ) ಕಡೆ ಸಡಿಲ ಇದ್ದರೂ ಇದೇ ಥರ ಬಿಸಿಯಾಗುತ್ತದೆ. ಗೋಡೆಯ ಬಾಕ್ಸಿನಲ್ಲಿ ಟರ್ಮಿನಲ್ ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಲ್ಲೇ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವಂಥದ್ದು) ಬಿಗಿ ಮಾಡಿಸಿ. ಎಳೆ ಎಳೆ ವೈರ್ ಆಗಿದ್ದರೆ ಅದರ ತುದಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಪುಟ್ಟ ಕೊಳವೆ) ಹಾಕಿರಬೇಕು. ಇಲ್ಲದಿದ್ದರೆ ದಿನ ಕಳೆದ ಹಾಗೆ ತಾಮ್ರ ಸ್ಕ್ರೂ ಕೆಳಗೆ ಜರುಗಿ ಹಿಡಿತ ತಪ್ಪುತ್ತದೆ.

ಇನ್ನೊಂದು ಮಾತು, ಇದನ್ನು ಜನ ಕೇಳುವುದೇ ಇಲ್ಲ: ಸುಟ್ಟ ಗನ್ ಒಂದನ್ನೇ ಬದಲಿಸಿ ಕಾರಿನ ಪೋರ್ಟ್ ಹಾಗೇ ಬಿಟ್ಟರೆ, ಪೋರ್ಟಿನ ಹಾಳಾದ ಪಿನ್ ಹೊಸ ಗನ್ ಅನ್ನೂ ತಿಂದು ಹಾಕುತ್ತದೆ. ಎರಡನ್ನೂ ನೋಡಿಸಿ, ಬೇಕಿದ್ದರೆ ಎರಡನ್ನೂ ಬದಲಿಸಿ. ಗನ್ ನೇತಾಡಲು ಬಿಡಬೇಡಿ, ಕೇಬಲ್ ಭಾರಕ್ಕೆ ಪಿನ್‌ಗಳು ಒಂದೇ ಪಕ್ಕಕ್ಕೆ ಒತ್ತಿಕೊಳ್ಳುತ್ತವೆ. ಬೇಕಿದ್ದರೆ ಗೋಡೆಗೊಂದು ಕೊಕ್ಕೆ ಹಾಕಿಸಿ.

ರಾತ್ರಿಚಾರ್ಜ್:
ಇದೇ ಮಾತು ಸಾಮಾನ್ಯ 16 ಆಂಪ್ ಸಾಕೆಟ್‌ಗೂ ಅನ್ವಯಿಸುತ್ತದೆ, ಅಲ್ಲಿ ಅಪಾಯ ಇನ್ನೂ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಎಷ್ಟೋ ಸಾಕೆಟ್‌ಗಳು ರಾತ್ರಿಯಿಡೀ ಪೂರ್ತಿ ಲೋಡ್ ತಡೆಯುವಂಥವಲ್ಲ. ಪೋರ್ಟಬಲ್ ಚಾರ್ಜರ್‌ನಲ್ಲಿ ಕರೆಂಟ್ ಇಳಿಸುವ ಸೌಲಭ್ಯ ಇದ್ದರೆ 10 ಆಂಪ್‌ಗೆ ಇಡಿ, ಬಿಸಿ 16ರಲ್ಲಿ ಇದ್ದದ್ದರ ಶೇ. 40ರಷ್ಟಕ್ಕೆ ಇಳಿಯುತ್ತದೆ. ಎಕ್ಸ್‌ಟೆನ್ಷನ್ ವೈರ್ ಬೇಡ. ಸುರುಳಿ ಸುತ್ತಿದ್ದಂತೂ ಖಂಡಿತ ಬೇಡ, ಒಳಗಿನ ಸುತ್ತುಗಳ ಬಿಸಿ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ.

ಫಾಸ್ಟ್ ಚಾರ್ಜರ್‌ಗೆ ಹೋದಾಗ ಗನ್ ಮೇಲೆ ಒದ್ದೆ ಬಟ್ಟೆ ಹಾಕಿದರೆ ವೇಗ ಜಾಸ್ತಿ ಸಿಗುತ್ತದೆ ಅಂತಲೂ ಕೇಳಿದ್ದೇನೆ. ಅದು ನಿಜವೇ?

ಪಿನ್‌ಪರೀಕ್ಷೆ:
ದಯವಿಟ್ಟು ಮಾಡಬೇಡಿ. ಫಾಸ್ಟ್ ಚಾರ್ಜರ್‌ನ ಡಿಸಿಯಲ್ಲಿ 500 ಆಂಪ್ ಹರಿಯುವಾಗ 0.2 ಮಿಲಿಓಮ್ ಇದ್ದರೂ ಒಂದೊಂದು ಕಾಂಟ್ಯಾಕ್ಟ್‌ನಲ್ಲಿ 50 ವ್ಯಾಟ್ ಬಿಸಿ. ಅದಕ್ಕೇ ಅಂಥ ಕೇಬಲ್‌ಗಳ ಒಳಗೆ ದ್ರವ ಹರಿಸಿ ತಂಪು ಮಾಡುತ್ತಾರೆ, ಡಿಸಿ ಕಾಂಟ್ಯಾಕ್ಟ್‌ಗಳ ಪಕ್ಕ ಸೆನ್ಸರ್ ಇಟ್ಟು ಬಿಸಿ ಏರಿದರೆ ಕರೆಂಟ್ ಇಳಿಸುತ್ತಾರೆ. ಒದ್ದೆ ಬಟ್ಟೆ ಹಾಕಿದರೆ ಸೆನ್ಸರ್ ತಂಪಿದೆ ಅಂತ ತಿಳಿಯುತ್ತದೆ, ಪಿನ್ ಮಾತ್ರ ಒಳಗೆ ಕಾಯುತ್ತಲೇ ಇರುತ್ತದೆ. ಇರುವ ಒಂದು ಕಾವಲನ್ನೂ ನಾವೇ ಮೋಸ ಮಾಡಿದ ಹಾಗಾಗುತ್ತದೆ. ಮನೆಯ ಎಷ್ಟೋ ಎಸಿ ಗನ್‌ಗಳಲ್ಲಿ ಆ ಸೆನ್ಸರ್ ಇರುವುದೇ ಇಲ್ಲ, ಅಲ್ಲಿ ನಮ್ಮ ಕೈಯೇ ನೋಡಬೇಕು.

ತಂತಿಕೆಲಸ:
ಹಸಿರುಗಾಡಿಯವರೇ, ಹೊಸ ಕೇಬಲ್ ತರುವಾಗ ಒಂದು ವಿಷಯ. ಎರಡೂ ತುದಿಗೆ ಪ್ಲಗ್ ಇರುವ ಟೈಪ್ 2 ಕೇಬಲ್ ತಾನು ಎಷ್ಟು ಆಂಪ್ ತಡೆಯುತ್ತೇನೆ ಅಂತ ಒಳಗಿನ ಒಂದು ರೆಸಿಸ್ಟರ್ ಮೂಲಕ ಹೇಳುತ್ತದೆ. 20 ಆಂಪ್ ಕೇಬಲ್‌ಗೆ 680 ಓಮ್, 32ಕ್ಕೆ 220 ಓಮ್. ಯಾರೋ ರಿಪೇರಿ ಮಾಡಿ ಜೋಡಿಸಿದ ಕೇಬಲ್‌ನಲ್ಲಿ ಇದು ತಪ್ಪಿದ್ದರೆ ತೆಳು ವೈರ್‌ನಲ್ಲಿ 32 ಆಂಪ್ ಹರಿಯುತ್ತದೆ, ಆಗಲೂ 32 ಆಂಪ್ ಎಂಸಿಬಿ ಬೀಳುವುದಿಲ್ಲ. ಮೊಹರು ಹಾಕಿದ ಕಾರ್ಖಾನೆಯ ಕೇಬಲ್ಲನ್ನೇ ತನ್ನಿ. ಮತ್ತೆ ಪೋರ್ಟ್ ಬದಲಿಸುವವರಿಗೆ ಸೆನ್ಸರ್ ವೈರ್ ಮರೆಯದೆ ಜೋಡಿಸಲು ಹೇಳಿ. ಎಲ್ಲ ಮುಗಿದ ಮೇಲೆ ಒಂದು ಗಂಟೆ 32 ಆಂಪ್‌ನಲ್ಲಿ ಓಡಿಸಿ, ಗನ್, ಪೋರ್ಟ್, ಬಾಕ್ಸ್ ಮೂರನ್ನೂ ಅಳೆದು ಇಲ್ಲಿ ಬರೆಯಿರಿ.

ಹಸಿರುಗಾಡಿ:
ಖಂಡಿತ ಬರೆಯುತ್ತೇನೆ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ, ಬಾಕ್ಸ್ ಒಳಗಿನ ಟರ್ಮಿನಲ್‌ಗಳಿಂದಲೇ ಶುರು ಮಾಡಿಸುತ್ತೇನೆ. ಎಲ್ಲರಿಗೂ ತುಂಬಾ ಧನ್ಯವಾದ.