ಟ್ರೇಲರ್ ಹಬ್‌ಗೆ ಯಾವ ಲಾಕ್ ನಟ್? ಎರಡು ನಟ್ಟಿನದೇ ಸಾಕಾ, ಒಂಟಿ ನಟ್ ಹಾಕಿಸ್ಲಾ?

ಹೊಸಪೇಟೆ_ಟ್ರೇಲರ್

ನಮಸ್ಕಾರ ಎಲ್ಲರಿಗೂ. ಹೊಸಪೇಟೆಯಿಂದ ಮಂಗಳೂರು ಕಡೆ ಲೋಡ್ ಹೊಡೆಯುವ ಟ್ರೇಲರ್ ನಮ್ಮದು. ಹಿಂದಿನ ಆಕ್ಸಲ್‌ನ ಎಡಗಡೆ ಹಬ್ ಕೈ ಇಡೋಕಾಗದಷ್ಟು ಬಿಸಿಯಾಗಿ ಗ್ರೀಸೆಲ್ಲ ಆಚೆ ಬಂದಿತ್ತು. ಬಿಚ್ಚಿ ನೋಡಿದರೆ ಹೊರಗಡೆ ಬೇರಿಂಗ್ ನೀಲಿಯಾಗಿದೆ, ಲಾಕ್ ವಾಷರ್‌ನ ಕಿವಿ ಕಿತ್ತು ಹೋಗಿದೆ. ಗ್ರೀಸಿಂಗ್ ಮಾಡಿಸಿ ಜಾಸ್ತಿ ದಿನ ಕೂಡ ಆಗಿಲ್ಲ. ಗ್ಯಾರೇಜಿನವರು ವಾಷರ್ ಸರಿ ಇರಲಿಲ್ಲ ಅಂತ ಕೈ ತೊಳೆದುಕೊಂಡರು.

ಈಗ ಅಂಗಡಿಯಲ್ಲಿ ಮೂರು ತರ ತೋರಿಸ್ತಿದ್ದಾರೆ. ಮೊದಲಿದ್ದ ಹಾಗೇ ಎರಡು ನಟ್, ನಡುವೆ ಕಿವಿ ಮಡಿಸೋ ವಾಷರ್. ಎರಡನೇದರಲ್ಲಿ ಒಳಗಿನ ನಟ್‌ಗೆ ಒಂದು ಪಿನ್, ವಾಷರ್ ತುಂಬ ತೂತು. ಮೂರನೇದು ಒಂದೇ ನಟ್, ಅದಕ್ಕೆ ಕ್ಲಿಪ್ ತರ ಒಂದು ಲಾಕ್ ಕೂರುತ್ತೆ, ರೇಟು ಮಾತ್ರ ಜಾಸ್ತಿ. ದುಬಾರಿಯದು ಹಾಕಿದರೆ ಈ ಕಾಟ ತಪ್ಪುತ್ತಾ?

ಹಳೇ_ಫಿಟ್ಟರ್

ಎರಡು ನಟ್ಟಿನದೇ ಹಾಕಪ್ಪ. ಎಷ್ಟೋ ವರ್ಷದಿಂದ ಗಾಡಿಗಳು ಅದರಲ್ಲೇ ಓಡ್ತಿವೆ. ಹೊಸ ವಾಷರ್ ಹಾಕು, ಹಳೇದನ್ನ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿ ಮತ್ತೆ ಮಡಿಸಿದರೆ ಆ ಕಿವಿ ಅಲ್ಲೇ ಬಿರುಕು ಬಿಡುತ್ತೆ. ಬಾಕ್ಸ್ ಪಾನಾ ಹಾಕಿ ಟೈಟ್ ಮಾಡು, ಕಾಲು ಸುತ್ತು ಬಿಡು, ಕೈಯಲ್ಲಿ ಹಬ್ ತಿರುಗಿಸಿ ನೋಡು, ಲಾಕ್ ಮಾಡು. ಉಳಿ ಇಟ್ಟು ಬಡಿದು ನಟ್ ತಿರುಗಿಸೋರ ಹತ್ತಿರ ಮಾತ್ರ ಗಾಡಿ ಬಿಡಬೇಡ. ನಟ್ಟಿನ ಮೂಲೆ ಕಿತ್ತು ಬಂದರೆ ಆ ಚೂರು ಸೀದಾ ಬೇರಿಂಗ್ ಒಳಗೆ.

ಕೆನಡಾ_ಕನ್ನಡಿಗ

ಇಲ್ಲಿ ಟ್ರಕ್ ವರ್ಕ್‌ಶಾಪಿನಲ್ಲಿ ಹಬ್ ಕೆಲಸವೇ ನನ್ನ ದಿನದ ಊಟ. ನಿಮ್ಮ ಗ್ಯಾರೇಜಿನವರು ಹೇಳಿದ್ದು ತಿರುವು ಮುರುವು ಅನಿಸುತ್ತೆ. ಬೇರಿಂಗ್ ನೀಲಿಯಾಗಿದೆ ಅಂದ್ರೆ ಮೊದಲು ಅದು ಬಿಸಿಯಾಗಿದೆ. ಬಿಗಿ ಜಾಸ್ತಿಯಾಗಿ ಗ್ರೀಸ್ ಸುಟ್ಟು ಬೇರಿಂಗ್ ಹಿಡಿದುಕೊಂಡಾಗ ಒಳ ರಿಂಗು ಸ್ಪಿಂಡಲ್ (ಹಬ್ ಕೂರೋ ಆಕ್ಸಲ್ ತುದಿ) ಮೇಲೆ ತಿರುಗೋಕೆ ಶುರು ಮಾಡುತ್ತೆ, ನಟ್ಟನ್ನೂ ಎಳೆಯುತ್ತೆ, ಆಗ ವಾಷರ್ ಕಿವಿ ಹೋಗುತ್ತೆ. ಎಂಥ ಲಾಕ್ ಹಾಕಿದ್ದರೂ ಆ ಬೇರಿಂಗ್ ಉಳಿಯುತ್ತಿರಲಿಲ್ಲ.

ಲಾಕ್‌ನ ಕೆಲಸ ನೀವು ಇಟ್ಟ ಪ್ಲೇ, ಅಂದ್ರೆ ಹಬ್ ಒಳಗೆ-ಹೊರಗೆ ಅಲುಗಾಡೋ ಚೂರು ಸಡಿಲ, ಕದಲದ ಹಾಗೆ ಹಿಡಿದುಕೊಳ್ಳೋದು, ಅಷ್ಟೇ. ಪ್ಲೇ ಎಷ್ಟು ಇಟ್ಟಿರಿ ಅನ್ನೋದೇ ಅಸಲಿ ವಿಷಯ. ಅಮೆರಿಕ, ಕೆನಡಾದಲ್ಲಿ ನಾವು ಅನುಸರಿಸೋದು ಟಿಎಂಸಿಯವರ (ಅಮೆರಿಕದ ಟ್ರಕ್ ಸಂಘದ ನಿರ್ವಹಣಾ ಮಂಡಳಿ) ಆರ್‌ಪಿ 618, ಅಂದ್ರೆ ವೀಲ್ ಬೇರಿಂಗ್ ಹೊಂದಿಸೋಕೆ ಅವರು ಶಿಫಾರಸು ಮಾಡಿರೋ ವಿಧಾನ. ಅದರ ಪ್ರಕಾರ ಟೇಪರ್ ಬೇರಿಂಗ್ ಹಬ್‌ಗೆ ಪ್ಲೇ 0.001ರಿಂದ 0.005 ಇಂಚು ಇರಬೇಕು, ನಮ್ಮ ಕಡೆ ಫಿಟ್ಟರುಗಳು ಹೇಳೋ ಹಾಗೆ ಒಂದರಿಂದ ಐದು ಥೌ. ಮಿಲಿಮೀಟರ್‌ನಲ್ಲಿ 0.03ರಿಂದ 0.13 ಸುಮಾರು. ಇಷ್ಟನ್ನು ಕೈಯಲ್ಲಿ ಅಲುಗಿಸಿ ಹೇಳೋಕಾಗಲ್ಲ, ಯಜಮಾನ್ರು ಬೇಜಾರು ಮಾಡಿಕೊಳ್ಳಬಾರದು.

ವಿಧಾನ ಹೀಗೆ. ಹಬ್ ತಿರುಗಿಸುತ್ತಲೇ ಒಳಗಿನ ನಟ್ಟನ್ನು 200 ಅಡಿ-ಪೌಂಡ್‌ಗೆ ಬಿಗಿ ಮಾಡಿ, ಅಂದ್ರೆ 270 ನ್ಯೂಟನ್ ಮೀಟರ್ ಹತ್ತಿರ. ಒಂದು ಪೂರ್ತಿ ಸುತ್ತು ಸಡಿಲ ಬಿಡಿ. ಮತ್ತೆ ತಿರುಗಿಸುತ್ತಾ 50 ಅಡಿ-ಪೌಂಡ್. ಆಮೇಲೆ ಟ್ರೇಲರ್ ಆಕ್ಸಲ್ ಆದರೆ ಕಾಲು ಸುತ್ತು ಹಿಂದಕ್ಕೆ, ಇದು ಇಂಚಿಗೆ 12 ಅಥವಾ 16 ಥ್ರೆಡ್ ಇರೋ ಸ್ಪಿಂಡಲ್ ಲೆಕ್ಕ. ಆಮೇಲೆ ವಾಷರ್, ಹೊರಗಿನ ನಟ್.

ಹೊರಗಿನ ನಟ್ ಬಿಗಿ ಮಾಡಿದಾಗ ಏನಾಗುತ್ತೆ ಗೊತ್ತಾ? ಅದು ಒಳಗಿನ ನಟ್ಟನ್ನು ಥ್ರೆಡ್‌ನಲ್ಲಿರೋ ಸಡಿಲದಷ್ಟು ಬೇರಿಂಗ್ ಕಡೆಗೆ ತಳ್ಳುತ್ತೆ. ಅಷ್ಟು ಹೊತ್ತು ಸರಿಯಿದ್ದ ಪ್ಲೇ ಅಲ್ಲೇ ಕಮ್ಮಿಯಾಗುತ್ತೆ. ಹಾಗಾಗಿ ಅಳತೆ ನೋಡಬೇಕಾದ್ದು ಎರಡೂ ನಟ್ ಬಿಗಿಯಾದ ಮೇಲೆ. ಡಯಲ್ ಗೇಜಿನ ಮ್ಯಾಗ್ನೆಟ್ ಹಬ್ ಮೇಲೆ ಕೂರಿಸಿ, ಮುಳ್ಳು ಸ್ಪಿಂಡಲ್ ತುದಿಗೆ ತಾಗಿಸಿ, ಹಬ್‌ನ ಎರಡು ಪಕ್ಕ ಹಿಡಿದು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಪ್ಲೇ. ಒಂಟಿ ನಟ್ಟಿನ ಲಾಭ ಇಲ್ಲೇ ಇರೋದು: ಹೊರಗಿನ ನಟ್ಟೇ ಇಲ್ಲದ ಮೇಲೆ ಈ ತಳ್ಳಾಟವೂ ಇಲ್ಲ.

ಜೆಸಿ_ರೋಡ್_ಸ್ಪೇರ್ಸ್

ಕೆನಡಾ ಸರ್ ಸರಿಯಾಗಿ ಹೇಳಿದ್ರು. ಅಂಗಡಿ ಕಡೆಯಿಂದ ನಂದೂ ಒಂದು ಮಾತು. ಗಿರಾಕಿಗಳು ಹಳೇ ನಟ್ ಹಿಡ್ಕೊಂಡು ಬಂದು "ಇದೇ ಸೈಜು ಕೊಡಿ" ಅಂತಾರೆ. ಒಳ ಅಳತೆ ಒಂದೇ ಇದ್ದರೂ ಥ್ರೆಡ್ ಪಿಚ್ (ಎಳೆಯಿಂದ ಎಳೆಗೆ ಇರೋ ಅಂತರ) ಬೇರೆ ಇರಬಹುದು. ಒಂದೆರಡು ಸುತ್ತು ಹೋಗಿ ಬಿಗಿಯಾದ್ರೆ ಪಾನಾಗೆ ಪೈಪ್ ಹಾಕಿ ಒತ್ತಬೇಡಿ, ಸ್ಪಿಂಡಲ್ ಥ್ರೆಡ್ಡೇ ಹೋಗುತ್ತೆ. ಥ್ರೆಡ್ ಗೇಜ್ ಇಟ್ಟು ನೋಡಿ, ಆಕ್ಸಲ್ ಮೇಲಿನ ಪ್ಲೇಟಿನ ಫೋಟೋ ತನ್ನಿ.

ಒಂಟಿ ನಟ್ ಬೇಕು ಅಂದ್ರೆ ಸ್ಪಿಂಡಲ್‌ನಲ್ಲಿ ಕೀವೇ (ಉದ್ದಕ್ಕೆ ಕೊರೆದ ಸೀಳು) ಚೆನ್ನಾಗಿದೆಯಾ ನೋಡಿ. ಲಾಕ್‌ನ ನಾಲಿಗೆ ಕೂರೋದು ಅದರಲ್ಲೇ. ನಿಮ್ಮದರಲ್ಲಿ ವಾಷರ್ ಕಿವಿ ಕಿತ್ತಿದೆ ಅಂದ್ರೆ ಅದೂ ಅಗಲ ಆಗಿರಬಹುದು. ಬಿಚ್ಚುವಾಗ ಮೊದಲು ಕ್ಲಿಪ್ ತೆಗೆದು ಆಮೇಲೇ ನಟ್ ತಿರುಗಿಸಬೇಕು. ದಾರಿಯಲ್ಲಿ ಯಾರೋ ಗೊತ್ತಿಲ್ಲದವರು ಕ್ಲಿಪ್ ಸಮೇತ ಪಾನಾ ಹಾಕಿದರೆ ಅಷ್ಟೂ ದುಡ್ಡು ನೀರಿಗೆ.

ಪಿನ್ ಇರೋ ಜಾತಿಯಲ್ಲಿ ತೂತು ಪಿನ್‌ಗೆ ಕೂರದಿದ್ರೆ ವಾಷರ್ ಮಗುಚಿ ಹಾಕಿ, ತೂತಿನ ಜಾಗ ಬದಲಾಗುತ್ತೆ. ಆಗಲೂ ಬರಲಿಲ್ಲ ಅಂದ್ರೆ ನಟ್ಟನ್ನು ಚೂರು ಸಡಿಲ ಮಾಡಿ ಕೂರಿಸಿ. ಬಿಗಿ ಮಾಡಿ ಕೂರಿಸೋಕೆ ಹೋಗಲೇಬೇಡಿ.

ಹಳೇ_ಫಿಟ್ಟರ್

ಗೇಜು ಎಲ್ಲಾ ಸರಿ, ರಾತ್ರಿ ಶಿರಾಡಿ ಘಾಟಿಯಲ್ಲಿ ಹಬ್ ಹೋದ್ರೆ ಗೇಜ್ ಯಾರು ತರ್ತಾರೆ? ಎರಡು ನಟ್, ಒಂದು ವಾಷರ್ ಯಾವ ಊರಲ್ಲಾದ್ರೂ ಸಿಗುತ್ತೆ. ಅದಕ್ಕೇ ಹೇಳಿದ್ದು.

ಕೆನಡಾ_ಕನ್ನಡಿಗ

ಅದನ್ನು ಒಪ್ಪುತ್ತೇನೆ. ರಸ್ತೆಯಲ್ಲಿ ಕೂತು ಮಾಡಿದ ಕೆಲಸ ಊರು ಮುಟ್ಟೋಕೆ ಅಂತ ಇಟ್ಟುಕೊಳ್ಳಿ, ಬಂದ ಮೇಲೆ ಗೇಜ್ ಹಾಕಿಸಿ. ಆದರೆ "ಕಾಲು ಸುತ್ತು" ಅನ್ನೋದನ್ನ ಎಲ್ಲಾ ಆಕ್ಸಲ್‌ಗೂ ಹೊಡೀಬೇಡಿ ಯಜಮಾನ್ರೇ. ಪಿಚ್ 2 ಮಿಲಿಮೀಟರ್ ಇದ್ದರೆ ಕಾಲು ಸುತ್ತಿಗೆ ನಟ್ ಅರ್ಧ ಮಿಲಿಮೀಟರ್ ಸರಿಯುತ್ತೆ, 1.5 ಇದ್ದರೆ 0.375. ಬೇಕಾಗಿರೋ ಪ್ಲೇ ಹೆಚ್ಚೆಂದರೆ 0.13. ಉಳಿದಿದ್ದು ಹೊರಗಿನ ನಟ್ ಬಿಗಿಯಾದಾಗ ಸರಿಹೋಗಬೇಕು, ಹೋಯ್ತೋ ಇಲ್ವೋ ಗೇಜೇ ಹೇಳಬೇಕು.

ಇನ್ನೊಂದು, ಕೆಲವು ಹಬ್‌ಗಳಲ್ಲಿ ಎರಡು ಬೇರಿಂಗ್ ನಡುವೆ ಸ್ಪೇಸರ್ ಕೊಳವೆ ಇರುತ್ತೆ. ಅಂಥದ್ದಕ್ಕೆ ಸಡಿಲ ಬಿಡೋ ಲೆಕ್ಕವೇ ಇಲ್ಲ, ಕಂಪನಿ ಹೇಳಿದ ದೊಡ್ಡ ಟಾರ್ಕ್ ಕೊಟ್ಟು ಲಾಕ್ ಮಾಡೋದು. ಆ ಸ್ಪೇಸರ್ ಬಿಟ್ಟು ಅದೇ ಟಾರ್ಕ್ ಕೊಟ್ಟರೆ ಬೇರಿಂಗ್ ಬೇಗ ಸುಡುತ್ತೆ. ನಿಮ್ಮ ಹಬ್ ಒಳಗೆ ಇದೆಯಾ ನೋಡಿದ್ರಾ?

ಹೊಸಪೇಟೆ_ಟ್ರೇಲರ್

ಸ್ಪೇಸರ್ ಇಲ್ಲ ಸರ್, ಈಗಷ್ಟೇ ನೋಡಿದೆ. ಕೀವೇಯ ಒಂದು ಅಂಚು ಸ್ವಲ್ಪ ಸವೆದಿದೆ, ಹಾಗಾಗಿ ಒಂಟಿ ನಟ್ ಬೇಡ ಅಂದುಕೊಂಡೆ. ಎರಡು ನಟ್, ಹೊಸ ವಾಷರ್, ಎರಡೂ ಬೇರಿಂಗ್ ಕಪ್ ಸಮೇತ, ಆಯಿಲ್ ಸೀಲ್. ಹೊಸಪೇಟೆಯಲ್ಲಿ ಡಯಲ್ ಗೇಜ್ ಇರೋ ಲೇತ್ ಅಂಗಡಿಯವರೊಬ್ಬರು ಬರ್ತೀನಿ ಅಂದಿದ್ದಾರೆ. ಒಂದೇ ಡೌಟು, ಓಡಿಸಿ ಎಷ್ಟು ದೂರಕ್ಕೆ ನೋಡಬೇಕು?

ಜೆಸಿ_ರೋಡ್_ಸ್ಪೇರ್ಸ್

ಖಾಲಿ ಗಾಡಿಯಲ್ಲಿ 15 ಕಿಲೋಮೀಟರ್ ಹೋಗಿ, ಬ್ರೇಕ್ ಜಾಸ್ತಿ ಒತ್ತದೆ ನಿಲ್ಲಿಸಿ. ಇನ್‌ಫ್ರಾರೆಡ್ ಗನ್ ಇದ್ದರೆ ಹಬ್ ಕ್ಯಾಪ್ ಮೇಲೆ ಹಿಡಿಯಿರಿ. ಅದೇ ಆಕ್ಸಲ್‌ನ ಬಲಗಡೆ ಹಬ್‌ಗೆ ಹೋಲಿಸಿ. ಒಂದು ಕಡೆ ಮಾತ್ರ ತುಂಬಾ ಬಿಸಿ ಇದ್ದರೆ ಲೋಡ್ ಹಾಕಬೇಡಿ, ಬ್ರೇಕ್ ಲೈನರ್ ಉಜ್ಜುತ್ತಿದೆಯಾ ಅಂತ ಮೊದಲು ನೋಡಿ, ಆಮೇಲೆ ನಟ್ ಬಿಚ್ಚಿ.